ಇಟಲಿಯಲ್ಲಿ ಬಾಡಿಗೆ ಕಾರು: ದಿನಕ್ಕೆ 38 ಯೂರೋ ಅಂತ ತೋರಿಸ್ತಿದೆ, ಕೊನೆಗೆ ಎಷ್ಟಾಗುತ್ತೆ?

ಕಾವೇರಿ ತೀರ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೇ ವಾರ ಮಿಲಾನ್‌ಗೆ ಇಳಿದು ಹತ್ತು ದಿನ ಕಾರಿನಲ್ಲೇ ಸುತ್ತೋ ಯೋಚನೆ ಇದೆ. ಮೊದಲು ಮಿಲಾನ್, ಆಮೇಲೆ ಕೊಮೊ ಸರೋವರ, ಫ್ಲಾರೆನ್ಸ್. ಸಾಧ್ಯವಾದರೆ ಎರಡು ದಿನ ಸ್ವಿಟ್ಜರ್‌ಲೆಂಡ್‌ನ ಲುಸರ್ನ್. ನಾನು, ನನ್ನ ಗಂಡ, ಅತ್ತೆ, 8 ಮತ್ತು 3 ವರ್ಷದ ಎರಡು ಮಕ್ಕಳು. ದೊಡ್ಡ ಸೂಟ್‌ಕೇಸ್ ಮೂರು. ಮಲ್ಪೆನ್ಸಾ ಏರ್‌ಪೋರ್ಟಿನಲ್ಲಿ ಕಾಂಪ್ಯಾಕ್ಟ್ ಕಾರಿಗೆ ದಿನಕ್ಕೆ 38 ಯೂರೋ ತೋರಿಸ್ತಿದೆ. ಕೌಂಟರ್‌ಗೆ ಹೋದ ಮೇಲೆ ಇದು ಎಷ್ಟಕ್ಕೆ ಏರುತ್ತೆ, ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಬೇಡ ಅನ್ನಬೇಕು? ವಾಪಸ್ ಬಂದ ಮೇಲೂ ಕಾರ್ಡಿನಿಂದ ದುಡ್ಡು ಕಡಿತ ಆಗುತ್ತಂತೆ, ಅದು ಯಾಕೆ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಸ್ಟೆಪ್ನಿ

ಮೇಡಂ, 38 ಯೂರೋ ಬರೀ ಗಾಡಿಯ ಬಾಡಿಗೆ. ನಿಮ್ಮ ಮನೆಯವರ ಲೆಕ್ಕವನ್ನೇ ಹಾಕೋಣ. ಹತ್ತು ದಿನಕ್ಕೆ 380. ಮಕ್ಕಳ ಸೀಟು ಎರಡು, ತಲಾ ದಿನಕ್ಕೆ 10 ಅಂದರೆ 200. ಗಂಡ ಹೆಂಡತಿ ಇಬ್ಬರೂ ಓಡಿಸುವುದಾದರೆ ಎರಡನೇ ಡ್ರೈವರ್‌ಗೆ ದಿನಕ್ಕೆ 10, ಒಟ್ಟು 100. ಕೌಂಟರ್‌ನಲ್ಲಿ ಮಾರುವ ‘ಪೂರ್ತಿ ಕವರ್’ ವಿಮೆ ದಿನಕ್ಕೆ 25 ಅಂದರೆ 250. ಅಲ್ಲಿಗೆ 930 ಆಯಿತು. ಪೆಟ್ರೋಲ್, ಟೋಲ್, ಪಾರ್ಕಿಂಗ್ ಇನ್ನೂ ಸೇರಿಲ್ಲ. ಈ ದರಗಳು ಕಂಪನಿಯಿಂದ ಕಂಪನಿಗೆ ಹೆಚ್ಚುಕಮ್ಮಿ ಆಗುತ್ತವೆ, ಆದರೆ ಬಾಡಿಗೆ ಎರಡೂವರೆ ಪಟ್ಟಿನ ಹತ್ತಿರ ಹೋಗೋದು ಹೀಗೇ.

ಇದಕ್ಕಿಂತ ಮೊದಲು ಗಾಡಿಯ ಅಳತೆ ನೋಡಿಕೊಳ್ಳಿ. ಫೋಕ್ಸ್‌ವ್ಯಾಗನ್ ಗಾಲ್ಫ್‌ನಂಥ ಕಾಂಪ್ಯಾಕ್ಟ್ ಕಾರಿನ ಡಿಕ್ಕಿ ಸುಮಾರು 380 ಲೀಟರ್. ಮೂರು ದೊಡ್ಡ ಸೂಟ್‌ಕೇಸ್ ಅದರಲ್ಲಿ ಹಿಡಿಸೋದಿಲ್ಲ. ಹಿಂದಿನ ಸಾಲಿನಲ್ಲಿ ಎರಡು ಮಕ್ಕಳ ಸೀಟು ಕಟ್ಟಿದರೆ ನಡುವೆ ಅತ್ತೆಯವರು ಕೂರುವಷ್ಟು ಜಾಗವೂ ಉಳಿಯೋದಿಲ್ಲ. ಕೌಂಟರ್‌ನಲ್ಲಿ ನಿಂತಾಗ ಇದು ಗೊತ್ತಾದರೆ ಅಲ್ಲೇ ದೊಡ್ಡ ಗಾಡಿ ಕೇಳಬೇಕಾಗುತ್ತೆ, ಅವರು ಹೇಳಿದ್ದೇ ರೇಟು. ಈಗಲೇ ಎಸ್ಟೇಟ್ ವರ್ಗ, ಅಂದರೆ ಹಿಂಭಾಗ ಉದ್ದವಾಗಿ ಡಿಕ್ಕಿ ದೊಡ್ಡದಿರುವ ಕಾರು, ಬುಕ್ ಮಾಡಿ. ಸ್ಕೋಡಾ ಆಕ್ಟೇವಿಯಾ ಎಸ್ಟೇಟ್ ಡಿಕ್ಕಿ ಸುಮಾರು 640 ಲೀಟರ್.

ಬುಕಿಂಗ್ ಪುಟದಲ್ಲಿ ‘ಗಾಲ್ಫ್ ಅಥವಾ ಅದೇ ಥರದ್ದು’ ಅಂತ ಇರುತ್ತೆ, ಆ ಮಾಡಲ್ಲೇ ಸಿಗುತ್ತೆ ಅಂತಲ್ಲ. ಅಲ್ಲಿರುವ ನಾಲ್ಕಕ್ಷರದ ಕೋಡ್ ಓದಿ, ಒಪ್ಪಂದ ಆಗೋದು ಅದರ ಮೇಲೆ. ಸಿಡಿಎಂಆರ್ ಅಂದರೆ ಕಾಂಪ್ಯಾಕ್ಟ್, 4-5 ಬಾಗಿಲು, ಮ್ಯಾನುಯಲ್ ಗೇರ್, ಏಸಿ. ಐಡಬ್ಲ್ಯೂಎಆರ್ ಅಂದರೆ ಒಂದು ಮೆಟ್ಟಿಲು ದೊಡ್ಡದು, ಎಸ್ಟೇಟ್, ಆಟೋಮ್ಯಾಟಿಕ್. ಮೂರನೇ ಅಕ್ಷರ ‘ಎಂ’ ಇದ್ದರೆ ಆಟೋಮ್ಯಾಟಿಕ್ ಬರೋದಿಲ್ಲ. ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕೋ ಅಭ್ಯಾಸ ನಮಗಿಲ್ಲ, ಕ್ಲಚ್ ಸುಟ್ಟರೆ ಮಾಮೂಲಿ ವಿಮೆ ಅದನ್ನು ಕೊಡೋದಿಲ್ಲ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಆಟೋಮ್ಯಾಟಿಕ್ಕೇ ತಗೊಳ್ಳಿ.

ಮಕ್ಕಳ ಸೀಟು ಬಿಡುವ ಹಾಗಿಲ್ಲ. ಇಟಲಿಯಲ್ಲಿ 150 ಸೆಂ.ಮೀ. ಎತ್ತರಕ್ಕಿಂತ ಕಮ್ಮಿ ಇರುವ ಮಗುವಿಗೆ ಸೀಟು ಅಥವಾ ಬೂಸ್ಟರ್ ಕಡ್ಡಾಯ. ಸ್ವಿಟ್ಜರ್‌ಲೆಂಡ್‌ನಲ್ಲಿ 12 ವರ್ಷ ಅಥವಾ 150 ಸೆಂ.ಮೀ., ಯಾವುದು ಮೊದಲು ಮುಗಿಯುತ್ತೋ ಅಲ್ಲಿವರೆಗೆ. ಇಟಲಿಯಲ್ಲಿ ಇನ್ನೊಂದು ನಿಯಮವಿದೆ: 4 ವರ್ಷದೊಳಗಿನ ಮಗುವಿನ ಸೀಟಿಗೆ, ಮಗುವನ್ನು ಮರೆತು ಇಳಿದರೆ ಎಚ್ಚರಿಸುವ ಸಾಧನ ಇರಬೇಕು. 2019ರಿಂದ ಜಾರಿಯಲ್ಲಿದೆ, ಅಲ್ಲಿ ನೋಂದಣಿಯಾದ ಗಾಡಿಗೆ ಅನ್ವಯ. ಆದ್ದರಿಂದ ಚಿಕ್ಕ ಮಗುವಿನ ಸೀಟನ್ನು ಆ ಸಾಧನದ ಸಮೇತ ಬಾಡಿಗೆಗೆ ಕೇಳಿ. ದೊಡ್ಡ ಮಗುವಿನ ಬೂಸ್ಟರ್ ಇಲ್ಲಿಂದಲೇ ಒಯ್ಯಿರಿ, ಹಗುರವಾಗಿರುತ್ತೆ. ಅದರ ಮೇಲೆ ಇಸಿಇ ಆರ್44 ಅಥವಾ ಆರ್129 ಅನ್ನೋ ಸುರಕ್ಷತಾ ಮಾನದಂಡದ ಚೀಟಿ ಇರಲೇಬೇಕು. ಅಲ್ಲಿಗೆ 100 ಯೂರೋ ಉಳಿಯಿತು.

ಲೆಕ್ಕಪತ್ರ

ಸ್ಟೆಪ್ನಿಯವರು ಹೇಳಿದ 250 ಯೂರೋ ಕವರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಜನ ಎಡವೋದು ಇಲ್ಲೇ.

ಯೂರೋಪಿನ ಬಾಡಿಗೆಯಲ್ಲಿ ಸಾಮಾನ್ಯವಾಗಿ ಡ್ಯಾಮೇಜ್ ಮತ್ತು ಕಳ್ಳತನದ ವಿಮೆ ಸೇರಿರುತ್ತೆ, ಆದರೆ ಎಕ್ಸೆಸ್ ಇಟ್ಟುಕೊಂಡು. ಎಕ್ಸೆಸ್ 1800 ಯೂರೋ ಇದ್ದರೆ, 1800ರವರೆಗಿನ ಹಾನಿ ನಿಮ್ಮದೇ. ಅಷ್ಟು ಮೊತ್ತವನ್ನು ಅವರು ಕಾರ್ಡಿನಲ್ಲಿ ಬ್ಲಾಕ್ ಮಾಡ್ತಾರೆ. ಯೂರೋಗೆ 100 ರೂಪಾಯಿ ಅಂತ ಹಿಡಿದರೆ 1.8 ಲಕ್ಷ. ಅಷ್ಟು ಲಿಮಿಟ್ ಖಾಲಿ ಇಲ್ಲದಿದ್ದರೆ ಗಾಡಿ ಕೊಡೋದಿಲ್ಲ, ಇಲ್ಲವೇ ಅವರ ಕವರ್ ತಗೊಳ್ಳಲೇಬೇಕು ಅನ್ನೋ ಸ್ಥಿತಿ ಬರುತ್ತೆ. ಹೊರಡುವ ಮೊದಲೇ ಬ್ಯಾಂಕಿಗೆ ಹೇಳಿ ಲಿಮಿಟ್ ಏರಿಸಿಕೊಂಡರೆ ಕೌಂಟರ್‌ನಲ್ಲಿ ‘ಬೇಡ’ ಅನ್ನೋ ಧೈರ್ಯ ಇರುತ್ತೆ.

ಬುಕಿಂಗ್ ಜಾಲತಾಣಗಳೂ ‘ಫುಲ್ ಕವರ್’ ಅಂತ ಅಗ್ಗಕ್ಕೆ ಮಾರುತ್ತವೆ. ಅದು ಒಳ್ಳೆಯದೇ, ಆದರೆ ಅದು ಮರುಪಾವತಿ ವಿಮೆ. ಡಿಪಾಸಿಟ್ ಬ್ಲಾಕ್ ಆಗೋದು ತಪ್ಪೋದಿಲ್ಲ. ಗೀರು ಬಿದ್ದರೆ ಮೊದಲು ನಿಮ್ಮ ಕಾರ್ಡಿನಿಂದ ಕಡಿತ, ಆಮೇಲೆ ನೀವು ಕ್ಲೇಮ್ ಮಾಡಬೇಕು. ಅದಕ್ಕೆ ಬಾಡಿಗೆ ಒಪ್ಪಂದ, ಡ್ಯಾಮೇಜ್ ರಿಪೋರ್ಟ್, ರಿಪೇರಿ ಬಿಲ್, ಕಾರ್ಡ್ ಸ್ಟೇಟ್‌ಮೆಂಟ್ ಬೇಕು, ಇನ್ನೊಂದು ಗಾಡಿ ತಾಗಿದ್ದರೆ ಪೊಲೀಸ್ ವರದಿಯೂ. ಬುಕ್ ಮಾಡುವಾಗ ವಾಸದ ದೇಶ ‘ಭಾರತ’ ಅಂತಲೇ ಹಾಕಿ. ಕಮ್ಮಿ ರೇಟು ತೋರಿಸುತ್ತೆ ಅಂತ ಬೇರೆ ದೇಶ ಹಾಕಿದರೆ ವಿಮೆಯ ಶರತ್ತೇ ಬೇರೆ ಆಗಿ, ಕ್ಲೇಮ್ ತಿರಸ್ಕಾರವಾಗಬಹುದು. ಮಾಮೂಲಿ ವಿಮೆಯಲ್ಲಿ ಟಯರ್, ಗಾಜು, ಗಾಡಿಯ ತಳಭಾಗ, ಕೀ, ತಪ್ಪು ಇಂಧನ, ಇವು ಬಹುತೇಕ ಹೊರಗೇ ಇರುತ್ತವೆ. ಈ ಐದೂ ಸೇರಿವೆಯೇ ಅಂತ ನೋಡಿಯೇ ಹೊರಗಿನ ಕವರ್ ಕೊಳ್ಳಿ.

ಕೌಂಟರ್‌ನಲ್ಲಿ ಟ್ಯಾಬ್ ಮುಂದಿಟ್ಟು ಸೈನ್ ಮಾಡಿ ಅಂತಾರೆ. ಸೈನ್‌ಗೆ ಮುಂಚೆ ಒಟ್ಟು ಮೊತ್ತದ ಪುಟ ತೋರಿಸಿ ಅಂತ ಕೇಳಿ. ಬೇಡ ಅಂದಿದ್ದ ಕವರ್, ರಸ್ತೆ ಸಹಾಯ, ದೊಡ್ಡ ಗಾಡಿ, ಯಾವುದಾದರೂ ಅದರೊಳಗೆ ಸೇರಿದ್ದರೆ ಅಲ್ಲೇ ತೆಗೆಸಬೇಕು. ಸೈನ್ ಬಿದ್ದ ಮೇಲೆ ವಾದಕ್ಕೆ ಬೆಲೆ ಇಲ್ಲ.

ಕಾರ್ಡ್ ವಿಷಯ. ಡಿಪಾಸಿಟ್‌ಗೆ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು. ಫಾರೆಕ್ಸ್ ಪ್ರೀಪೇಯ್ಡ್ ಕಾರ್ಡ್ ಸಾಮಾನ್ಯವಾಗಿ ನಡೆಯೋದಿಲ್ಲ, ಡೆಬಿಟ್ ನಂಬಬೇಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇಟ್ಟುಕೊಳ್ಳಿ. ಹೆಂಡತಿ ಹೆಸರಲ್ಲಿ ಬುಕಿಂಗ್, ಗಂಡನ ಕಾರ್ಡು ಅಂದರೆ ಆಗೋದಿಲ್ಲ. ನಮ್ಮವರಿಗೆ ಇನ್ನೊಂದು ತೊಡಕು: ಕಾರ್ಡಿನಲ್ಲಿ ಇನಿಷಿಯಲ್ ಇರುತ್ತೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರಿನ ಹೆಸರೋ ಅಪ್ಪನ ಹೆಸರೋ ಸರ್‌ನೇಮ್ ಆಗಿರುತ್ತೆ. ಬುಕಿಂಗ್ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಇರಲಿ, ಕಾರ್ಡಿನಲ್ಲಿ ಹೆಸರು ಬೇರೆ ಥರ ಇದ್ದರೆ ಈಗಲೇ ಬದಲಿ ಕಾರ್ಡ್ ತರಿಸಿ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗೇ ಬರುತ್ತೆ.

ಮೆಷಿನ್ ‘ರೂಪಾಯಿಯಲ್ಲಿ ಕೊಡ್ತೀರಾ, ಯೂರೋದಲ್ಲೋ’ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಅಂದರೆ ಅವರ ವಿನಿಮಯ ದರ, ಅದರ ಮೇಲೆ ಕೆಲವು ಬ್ಯಾಂಕುಗಳು ಪ್ರತ್ಯೇಕ ಶುಲ್ಕವನ್ನೂ ಹಾಕುತ್ತವೆ. ಯೂರೋ ಆದರೆ, 3.5% ಮಾರ್ಕಪ್ (ವಿದೇಶಿ ಕರೆನ್ಸಿ ಖರ್ಚಿಗೆ ಬ್ಯಾಂಕ್ ಹಾಕುವ ಶುಲ್ಕ) ಇರುವ ಕಾರ್ಡಿನಲ್ಲಿ 18% ಜಿಎಸ್‌ಟಿ ಸೇರಿ 4.13%, ಅಂದರೆ ಲಕ್ಷ ರೂಪಾಯಿಗೆ 4130. ಮಾರ್ಕಪ್ ಇಲ್ಲದ ಕಾರ್ಡುಗಳೂ ಇವೆ, ಸಿಕ್ಕರೆ ಅದನ್ನೇ ಬಳಸಿ.

ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಮರೆಯಬೇಡಿ. ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಆರ್‌ಟಿಒದಿಂದ ಪಡೆಯೋದು, ಒಂದು ವರ್ಷ ಮಾನ್ಯ. ಓಡಿಸುವ ಇಬ್ಬರಿಗೂ ಬೇರೆ ಬೇರೆ ಬೇಕು, ಜೊತೆಗೆ ಮೂಲ ಡಿಎಲ್ ಕೂಡ. ಇಟಲಿಯಲ್ಲಿ ಅದಿಲ್ಲದೆ ಗಾಡಿ ನಿರಾಕರಿಸಿದರೆ ಮುಂಗಡ ಕಟ್ಟಿದ ಬಾಡಿಗೆ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ.

ಕಾವೇರಿ ತೀರ

ತುಂಬಾ ಧನ್ಯವಾದ. ಲಿಮಿಟ್ ವಿಷಯ ನಮಗೆ ಹೊಳೆದೇ ಇರಲಿಲ್ಲ. ರಸ್ತೆಯ ಮೇಲಿನ ಖರ್ಚು, ದಂಡ ಇವುಗಳ ಬಗ್ಗೆಯೂ ಯಾರಾದರೂ ಹೇಳ್ತೀರಾ? ಫ್ಲಾರೆನ್ಸ್‌ನಲ್ಲಿ ಹೋಟೆಲ್ ಊರ ನಡುವೆಯೇ ಇದೆ.

ಟೊರಿನೊ ಕನ್ನಡಿಗ

ಊರ ನಡುವೆ ಅಂದರೆ ಝಡ್‌ಟಿಎಲ್ ಒಳಗೇ ಇರಬೇಕು. ಹೊರಗಿನ ಗಾಡಿಗಳಿಗೆ ನಿರ್ಬಂಧ ಇರುವ ಹಳೇ ಪಟ್ಟಣದ ಭಾಗ ಅದು. ಬಿಳಿ ಫಲಕ, ಕೆಂಪು ಉಂಗುರ, ಪಕ್ಕದಲ್ಲಿ ಕ್ಯಾಮೆರಾ. ಗೇಟೂ ಇಲ್ಲ, ಪೊಲೀಸರೂ ಇಲ್ಲ, ಹಾಗಾಗಿ ಒಳಗೆ ಹೋದದ್ದೇ ಗೊತ್ತಾಗೋದಿಲ್ಲ. ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ‘ವಾರ್ಕೊ ಅತ್ತೀವೊ’ ಅಂತ ಬರುತ್ತೆ. ವಾರ್ಕೊ ಅಂದರೆ ದ್ವಾರ, ಅತ್ತೀವೊ ಅಂದರೆ ಸಕ್ರಿಯ. ದ್ವಾರ ತೆರೆದಿದೆ ಅಂದುಕೊಂಡು ಜನ ನುಗ್ಗುತ್ತಾರೆ, ಆದರೆ ಅದರರ್ಥ ಕ್ಯಾಮೆರಾ ಕೆಲಸ ಮಾಡ್ತಿದೆ, ಹೋಗಬೇಡಿ ಅಂತ. ‘ವಾರ್ಕೊ ನಾನ್ ಅತ್ತೀವೊ’ ಇದ್ದರೆ ಮಾತ್ರ ಹೋಗಬಹುದು. ಮ್ಯಾಪ್ ಆ್ಯಪ್ ನಂಬಿ ತಿರುಗಬೇಡಿ.

ಒಂದೊಂದು ಸಲ ದಾಟಿದ್ದಕ್ಕೂ ಬೇರೆ ಬೇರೆ ದಂಡ. ಕೆಳಮಿತಿ 80 ಯೂರೋ ಆಸುಪಾಸು, ನೋಟಿಸಿನ ಖರ್ಚು ಬೇರೆ. ಮನೆಗೆ ಬಂದ ಮೇಲೆ ಕಡಿತ ಆಗುತ್ತೆ ಅಂದಿರಲ್ಲ, ಅದರ ಮೂಲ ಇದೇ. ಪೊಲೀಸರು ಗಾಡಿಯ ಮಾಲೀಕರನ್ನು ಕೇಳ್ತಾರೆ, ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಡುತ್ತೆ, ಆ ಕೆಲಸಕ್ಕೆ ಒಪ್ಪಂದದ ಪ್ರಕಾರ 40-50 ಯೂರೋ ನಿಮ್ಮ ಕಾರ್ಡಿನಿಂದ ತಗೊಳ್ಳುತ್ತೆ. ಅದು ದಂಡ ಅಲ್ಲ! ದಂಡದ ನೋಟಿಸ್ ಆಮೇಲೆ ಅಂಚೆಯಲ್ಲಿ ಬರುತ್ತೆ, ವಿದೇಶದಲ್ಲಿ ಇರುವವರಿಗೆ ಕಳಿಸಲು 360 ದಿನದ ಅವಕಾಶ ಇದೆ. ನೋಟಿಸ್ ಕೈಸೇರಿ 5 ದಿನದೊಳಗೆ ಕಟ್ಟಿದರೆ 30% ಕಡಿಮೆ.

ಫ್ಲಾರೆನ್ಸ್‌ಗೆ ನನ್ನ ಸಲಹೆ: ಗಾಡಿ ಊರೊಳಗೆ ತರಲೇಬೇಡಿ. ಎ1 ಹೆದ್ದಾರಿಯಿಂದಲೇ ನೇರ ದಾರಿ ಇರುವ ವಿಲ್ಲಾ ಕೊಸ್ತಾಂಝಾ ಪಾರ್ಕಿಂಗ್‌ನಲ್ಲಿ ಬಿಟ್ಟು ಟಿ1 ಟ್ರ್ಯಾಮ್ ಹಿಡಿಯಿರಿ. ಅತ್ತೆಯವರಿಗೆ ನಡೆಯೋದು ಕಷ್ಟವಾದರೆ ಹೋಟೆಲ್‌ಗೆ ಗಾಡಿಯ ನಂಬರ್ ಮೊದಲೇ ಕಳಿಸಿ, ಪೊಲೀಸರಲ್ಲಿ ನೋಂದಾಯಿಸಿದ್ದೇವೆ ಅಂತ ಲಿಖಿತವಾಗಿ ಪಡೆದ ಮೇಲೆ ಮಾತ್ರ ಒಳಗೆ ಹೋಗಿ. ಮಿಲಾನ್‌ನಲ್ಲಂತೂ ಮೆಟ್ರೋ ಸಾಕು. ಮಿಲಾನ್ ನೋಡಿ ಮುಗಿಸಿದ ದಿನ ಗಾಡಿ ತಗೊಂಡರೆ ಆ ದಿನಗಳ ಬಾಡಿಗೆ, ಪಾರ್ಕಿಂಗ್ ಎರಡೂ ಉಳಿಯುತ್ತೆ.

ಟೋಲ್‌ನಲ್ಲಿ ಒಳಹೋಗುವಾಗ ಟಿಕೆಟ್, ಹೊರಬರುವಾಗ ಹಣ. ಹಳದಿ ಫಲಕದ ಲೇನ್ ಟೆಲಿಪಾಸ್‌ನದ್ದು, ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ಅಲ್ಲಿಗೆ ಹೋಗಬೇಡಿ. ನೀಲಿ ಕಾರ್ಡಿಗೆ, ಬಿಳಿ ನಗದಿಗೆ. ಟಿಕೆಟ್ ಕಳೆದರೆ ಅತಿ ದೂರದ ಪ್ರವೇಶದಿಂದ ಲೆಕ್ಕ ಹಾಕ್ತಾರೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಕಾರ್ಡ್ ಓದದೆ ಮೆಷಿನ್ ಚೀಟಿ ಕೊಟ್ಟರೆ 15 ದಿನದೊಳಗೆ ಆನ್‌ಲೈನ್‌ನಲ್ಲಿ ಕಟ್ಟಿ. ಮಲ್ಪೆನ್ಸಾ ಕಡೆಯಿಂದ ಕೊಮೊಗೆ ಹೋಗುವಾಗ ಎ36 ಪೆದೆಮೊಂತಾನಾ ಸಿಗಬಹುದು. ಅಲ್ಲಿ ಬೂತೇ ಇಲ್ಲ, ಕ್ಯಾಮೆರಾ ನಂಬರ್ ಓದುತ್ತೆ. ಅದನ್ನೂ 15 ದಿನದೊಳಗೆ ಅವರ ಜಾಲತಾಣದಲ್ಲಿ ನೀವೇ ಕಟ್ಟಬೇಕು. ಮರೆತರೆ ಕೆಲವೇ ಯೂರೋ ಟೋಲ್‌ಗೆ ಮತ್ತೆ ಆ 40-50 ಯೂರೋ ಶುಲ್ಕ.

ಲುಸರ್ನ್‌ಗೆ ಹೋಗುವುದಾದರೆ ಗಡಿ ದಾಟುವ ವಿಷಯ ಬುಕಿಂಗ್‌ನಲ್ಲೇ ತಿಳಿಸಿ. ತಿಳಿಸದೆ ದಾಟಿದರೆ ವಿಮೆ ಅನ್ವಯವಾಗದೆ ಹೋಗಬಹುದು. ಇಟಲಿಯ ಗಾಡಿಗೆ ಸ್ವಿಸ್ ವಿನ್ಯೆಟ್, ಅಂದರೆ ಅಲ್ಲಿನ ಹೆದ್ದಾರಿ ಬಳಸಲು ಕಟ್ಟುವ ಶುಲ್ಕದ ಚೀಟಿ, ಇರೋದಿಲ್ಲ. 40 ಫ್ರಾಂಕ್, ವರ್ಷದ್ದೇ ಕೊಳ್ಳಬೇಕು, ಎರಡು ದಿನಕ್ಕೆ ಅಂತ ಇಲ್ಲ. ಇ-ವಿನ್ಯೆಟ್ ಗಾಡಿಯ ನಂಬರ್‌ಗೆ ಅಂಟಿಕೊಂಡಿರುತ್ತೆ, ಹಾಗಾಗಿ ಕೀ ಕೈಗೆ ಬಂದ ಮೇಲೆ ಸ್ವಿಸ್ ಕಸ್ಟಮ್ಸ್‌ನ ಅಧಿಕೃತ ತಾಣದಲ್ಲಿ ತಗೊಳ್ಳಿ. ಮಧ್ಯವರ್ತಿ ತಾಣಗಳು ಮೇಲೆ ಹಣ ಸೇರಿಸುತ್ತವೆ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ, ವಿನ್ಯೆಟ್ ಬೆಲೆ ಬೇರೆ. ಗೊಥಾರ್ಡ್ ಸುರಂಗಕ್ಕೆ ಪ್ರತ್ಯೇಕ ಟೋಲ್ ಇಲ್ಲ. ಊರೊಳಗೆ ವೇಗ ಮಿತಿಗಿಂತ 6-10 ಕಿ.ಮೀ. ಜಾಸ್ತಿಯಾದರೆ 120 ಫ್ರಾಂಕ್, 11-15 ಆದರೆ 250. ಎರಡೇ ದಿನಕ್ಕೆ ಇಷ್ಟೆಲ್ಲ ಯಾಕೆ? ಮಿಲಾನ್‌ನಿಂದ ರೈಲಿನಲ್ಲಿ ಹೋಗಿಬನ್ನಿ ಅಂತಲೇ ನಾನು ಹೇಳೋದು.

ಇಂಧನ: ‘ಫುಲ್ ಟು ಫುಲ್’ ಮಾತ್ರ ಒಪ್ಪಿ, ಅಂದರೆ ತುಂಬಿದ ಟ್ಯಾಂಕಿನ ಗಾಡಿ ತಗೊಂಡು ತುಂಬಿಸಿಯೇ ವಾಪಸ್ ಕೊಡೋದು. ಬಂಕಿನಲ್ಲಿ ‘ಸೆರ್ವೀತೊ’ ಅಂದರೆ ಅವರು ಹಾಕಿಕೊಡೋದು, ಲೀಟರ್‌ಗೆ ಬೆಲೆ ಜಾಸ್ತಿ. ‘ಸೆಲ್ಫ್’ ಅಂತ ಇರುವ ಕಡೆ ನೀವೇ ಹಾಕಿಕೊಳ್ಳಿ. ‘ಬೆನ್ಸೀನಾ’ ಪೆಟ್ರೋಲ್, ‘ಗಾಸೋಲಿಯೊ’ ಡೀಸೆಲ್. ಭಾಷೆ ಬಾರದಿದ್ದರೆ ಚಿಹ್ನೆ ನೋಡಿ: ವೃತ್ತದೊಳಗೆ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಅದೇ ಚಿಹ್ನೆ ಗಾಡಿಯ ಟ್ಯಾಂಕ್ ಮುಚ್ಚಳದ ಒಳಗೂ ಇರುತ್ತೆ.

ಸ್ಟೆಪ್ನಿ

ಒಂದು ಸೇರಿಸ್ತೀನಿ. ಗಾಡಿ ತಗೊಳ್ಳುವಾಗ ವಿಡಿಯೋ ಎಲ್ಲರೂ ಮಾಡ್ತಾರೆ, ಚಕ್ರ ಬಿಡ್ತಾರೆ. ಬಲಗಡೆ ಕೂತು ಓಡಿಸಿ ಅಭ್ಯಾಸ ಆದವರು ಅಲ್ಲಿ ಎಡಗಡೆ ಕೂತಾಗ ಗಾಡಿ ಗೊತ್ತಿಲ್ಲದೆ ಬಲಕ್ಕೆ ವಾಲುತ್ತೆ, ಬಲಮುಂದಿನ ಅಲಾಯ್ ರಿಮ್ ಫುಟ್‌ಪಾತ್ ಕಲ್ಲಿಗೆ ಉಜ್ಜುತ್ತೆ. ಹಳೇ ಗೀರು ಇದ್ದರೂ ಅದು ನಿಮ್ಮ ಲೆಕ್ಕಕ್ಕೇ ಬರುತ್ತೆ. ನಾಲ್ಕೂ ರಿಮ್ ಹತ್ತಿರದಿಂದ ಒಂದೊಂದು ಫೋಟೋ, ಗಾಜು, ಬಂಪರ್‌ನ ಕೆಳಗಿನ ಅಂಚು, ಮೀಟರ್‌ನಲ್ಲಿ ಕಿ.ಮೀ. ಮತ್ತು ಇಂಧನದ ಮುಳ್ಳು. ಅವರ ಚೀಟಿಯಲ್ಲಿ ಇಲ್ಲದ ಗೀರನ್ನು ಬರೆಸಿಯೇ ಹೊರಡಿ. ನಂಬರ್ ಪ್ಲೇಟ್ ಸಹ ಒಂದು ಫೋಟೋದಲ್ಲಿ ಬರಲಿ.

ಕಾವೇರಿ ತೀರ

ಕೊನೇ ಪ್ರಶ್ನೆ. ವಾಪಸ್ ಫ್ಲೈಟ್ ಬೆಳಿಗ್ಗೆ 6:30ಕ್ಕೆ, ಆ ಹೊತ್ತಿಗೆ ಕೌಂಟರ್ ತೆರೆದಿರುತ್ತಾ?

ಲೆಕ್ಕಪತ್ರ

ಬುಕಿಂಗ್ ಮಾಡುವಾಗಲೇ ಆ ಕೌಂಟರ್‌ನ ಸಮಯ ನೋಡಿ. ಮುಚ್ಚಿದ್ದರೆ ಕೀ ಡಬ್ಬಿಗೆ ಹಾಕಿ ಹೋಗಬೇಕು, ಆಗ ಸಿಬ್ಬಂದಿ ಬಂದು ನೋಡುವವರೆಗೆ ಗಾಡಿಯ ಜವಾಬ್ದಾರಿ ಬಹಳಷ್ಟು ಒಪ್ಪಂದಗಳಲ್ಲಿ ನಿಮ್ಮದೇ. ಹಿಂದಿನ ಸಂಜೆಯೇ ಗಾಡಿ ಕೊಟ್ಟು, ಎದುರಿಗೆ ತಪಾಸಣೆ ಮಾಡಿಸಿ, ‘ಹೊಸ ಹಾನಿ ಇಲ್ಲ’ ಅಂತ ಸೈನ್ ಆದ ಚೀಟಿ ತಗೊಂಡು, ರಾತ್ರಿ ಮಲ್ಪೆನ್ಸಾ ಹತ್ತಿರದ ಹೋಟೆಲ್‌ನಲ್ಲಿ ಉಳಿಯಿರಿ. ಬಾಡಿಗೆ ದಿನ ಅಂದರೆ 24 ಗಂಟೆ, ಕ್ಯಾಲೆಂಡರ್ ದಿನವಲ್ಲ. ಬೆಳಿಗ್ಗೆ 10ಕ್ಕೆ ತಗೊಂಡ ಗಾಡಿಯನ್ನು ಕೊನೇ ದಿನ ಸಂಜೆ 6ಕ್ಕೆ ಕೊಟ್ಟರೆ ಒಂದು ದಿನ ಜಾಸ್ತಿ ಬೀಳುತ್ತೆ, ಅದನ್ನು ಬುಕಿಂಗ್‌ನಲ್ಲೇ ಸೇರಿಸಿದರೆ ಕೌಂಟರ್ ದರಕ್ಕಿಂತ ಅಗ್ಗ. ಡಬ್ಬಿಗೇ ಹಾಕಬೇಕಾಗಿ ಬಂದರೆ, ನಿಲ್ಲಿಸಿದ ಜಾಗದ ನಂಬರ್ ಕಾಣುವ ಹಾಗೆ ವಿಡಿಯೋ ಮಾಡಿ, ಕೊನೆಯ ಪೆಟ್ರೋಲ್ ಬಿಲ್ಲಿನ ಫೋಟೋ ಜೊತೆಗೆ ಇಟ್ಟುಕೊಳ್ಳಿ. ಡಿಪಾಸಿಟ್ ಬ್ಲಾಕ್ ಬಿಡುಗಡೆ ಆಗಲು ಎರಡು ಮೂರು ವಾರ ಹಿಡಿಯಬಹುದು. ಅಲ್ಲಿವರೆಗೆ ಆ ಕಾರ್ಡ್ ಕ್ಲೋಸ್ ಮಾಡಬೇಡಿ.