ಸಹಾಯ ಬೇಕು: ಚಿಲ್ಲರೆಯಲ್ಲಿ ಸಿಕ್ಕ ನಾಣ್ಯದ ಇಸವಿ ಎರಡೆರಡಾಗಿ ಕಾಣುತ್ತಿದೆ

ನಮಸ್ಕಾರ. ಕೈಗೆ ಬರುವ ಚಿಲ್ಲರೆಯನ್ನೆಲ್ಲ ಒಮ್ಮೆ ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ನನಗಿದೆ. ಈಗ ಸಿಕ್ಕ ಒಂದು ನಾಣ್ಯದಲ್ಲಿ ಇಸವಿಯ ಅಂಕಿಗಳು ಜೋಡಿಯಾಗಿ ಕಾಣುತ್ತಿವೆ. ಇದು ಅಚ್ಚಿನಲ್ಲೇ ಇದ್ದ ದೋಷವೋ, ನಾಣ್ಯ ಒತ್ತುವಾಗ ಅಚ್ಚು ಅಲುಗಾಡಿದ್ದೋ ಗೊತ್ತಾಗುತ್ತಿಲ್ಲ.

ಅಚ್ಚಿನ ದೋಷವಾದರೆ ಎರಡನೇ ರೂಪವೂ ಉಬ್ಬಿ ದುಂಡಗಿರುತ್ತದೆ, ಗೆರೆಯ ತುದಿಗಳಲ್ಲಿ ಸೀಳು ಕಾಣುತ್ತದೆ. ಅದೇ ಅಚ್ಚಿನ ಬೇರೆ ನಾಣ್ಯಗಳಲ್ಲೂ ಹಾಗೇ ಬಂದಿರುತ್ತದೆ. ಅಲುಗಾಟದ್ದಾದರೆ ಮೆಟ್ಟಿಲಿನ ಹಾಗೆ ಚಪ್ಪಟೆ, ಅಂಕಿಯೇ ಸ್ವಲ್ಪ ಸಣ್ಣದಾಗಿರುತ್ತದೆ. ಅದಕ್ಕೆ ಸಂಗ್ರಹಕಾರರು ಜಾಸ್ತಿ ಬೆಲೆ ಕೊಡುವುದಿಲ್ಲ. ನನ್ನ ನಾಣ್ಯದಲ್ಲಿ ಕೊನೆಯ ಅಂಕಿ ಚಪ್ಪಟೆ, ಮೊದಲ ಎರಡು ದುಂಡಗಿವೆ. ತಲೆಕೆಡಿಸಿರುವುದು ಇದೇ. ನಾಣ್ಯ ಸವೆದಿದೆ ಬೇರೆ. ಸವೆತದಿಂದಲೂ ಅಂಚು ದುಂಡಗಾಗಿರಬಹುದು, ಅಲ್ವಾ?

ತೊಳೆದಿಲ್ಲ, ಉಜ್ಜಿಲ್ಲ. ಉಜ್ಜಿದರೆ ಮೇಲ್ಮೈ ಹಾಳಾಗಿ ಇದ್ದ ಬೆಲೆಯೂ ಹೋಗುತ್ತದೆ. ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಫೋಟೋ ಹಾಕಿದ್ದೇನೆ. ಇನ್ನೂ ಹತ್ತಿರದ್ದು ಬೇಕಾದರೆ ಹೇಳಿ, ತೆಗೆದು ಹಾಕುತ್ತೇನೆ. ಇಂಥ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರಾದರೂ ಇದ್ದರೆ, ಸವೆದ ನಾಣ್ಯದಲ್ಲಿ ನೀವು ಮೊದಲು ಯಾವ ಜಾಗ ನೋಡುತ್ತೀರಿ ಎಂದು ದಯವಿಟ್ಟು ತಿಳಿಸಿ.