ಹಬ್ಬದ ಊಟದ ಖರ್ಚನ್ನ ಫ್ರೆಂಡ್ಸ್ ಜೊತೆ ಹಂಚಿಕೊಳ್ಳುವುದು ತಪ್ಪಾ?

ವಾಕಡ್‌ನ ಶಿವಮೊಗ್ಗದವಳು:

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ನಾಲ್ಕು ವರ್ಷ ಆಯಿತು. ಈ ಸಲ, ಅಂದರೆ 2026ರಲ್ಲಿ, ಯುಗಾದಿ ಮಾರ್ಚ್ 19, ಗುರುವಾರ. ಇಲ್ಲಿ ಅದೇ ದಿನ ಗುಡಿ ಪಾಡ್ವಾ, ಹಾಗಾಗಿ ರಜೆ ಇದೆ, ಆದರೆ ಶುಕ್ರವಾರ ಮತ್ತೆ ಆಫೀಸ್. ಒಂದು ದಿನಕ್ಕೋಸ್ಕರ ರಾತ್ರಿಯಿಡೀ ಬಸ್ಸಲ್ಲಿ ಕೂತು ಊರಿಗೆ ಹೋಗಿ ಬರುವ ಶಕ್ತಿ ನನಗಿಲ್ಲ. ಹೋದ ವರ್ಷದ ಹಾಗೇ ನಮ್ಮ ಮನೆಯಲ್ಲೇ ಏಳು ಜನ ಸೇರುತ್ತೇವೆ. ಇಬ್ಬರು ಮರಾಠಿ, ಇಬ್ಬರು ತೆಲುಗು, ಒಬ್ಬಳು ಮಲಯಾಳಿ, ನಾನು, ನನ್ನ ರೂಮ್‌ಮೇಟ್. ನನಗೆ ಡೆಂಗಿ ಆದಾಗ ಪಾಳಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಿದವರು ಇವರೇ.

ವಿಷಯಕ್ಕೆ ಬರ್ತೀನಿ. ಹೋದ ವರ್ಷ ಸಾಮಾನೆಲ್ಲ ನಾನೇ ತಂದಿದ್ದೆ. ಬೇಳೆ, ಬೆಲ್ಲ, ತುಪ್ಪ, ಮಾವಿನಕಾಯಿ, ಹೂವು, ಬಾಳೆಲೆ ಎಲ್ಲ ಸೇರಿ 2,340 ರೂಪಾಯಿ. ಟ್ರಿಪ್ ಹೋದಾಗ ಲೆಕ್ಕ ಹಾಕುತ್ತೇವಲ್ಲ, ಅದೇ ಅಭ್ಯಾಸದಲ್ಲಿ ರಾತ್ರಿ ಲೆಕ್ಕದ ಆಪ್‌ನಲ್ಲಿ ಹಾಕಿಬಿಟ್ಟೆ, ತಲೆಗೆ 334 ಅಂತ. ಐದೇ ನಿಮಿಷದಲ್ಲಿ ಎಲ್ಲರೂ ದುಡ್ಡು ಕಳಿಸಿದರು, ಗ್ರೂಪಲ್ಲಿ ಮಾತ್ರ ಒಬ್ಬರೂ ಮಾತಾಡಲಿಲ್ಲ. ಮರಾಠಿ ಗೆಳತಿ ಆಮೇಲೆ ಕೇಳಿದಳು, "ನಿಮ್ಮಮ್ಮ ಹೋಳಿಗೆ ಬಡಿಸಿ ಬಿಲ್ ಕೊಡ್ತಾರಾ?" ನಗುತ್ತಲೇ ಕೇಳಿದಳು, ಆದರೂ ಚುಚ್ಚಿತು.

ಈ ಸಲ ಏನು ಮಾಡಲಿ? ಪೂರ್ತಿ ನಾನೇ ಹಾಕಲಾ? ಇನ್ನೊಂದು, ಹೋದ ಸಲ ಹೂರಣ ನೀರಾಗಿ ಹೋಳಿಗೆ ಹಂಚಿಗೇ ಅಂಟಿಕೊಂಡಿತ್ತು, ಅದಕ್ಕೂ ಏನಾದರೂ ಹೇಳಿ.

ಹುಬ್ಬಳ್ಳಿ ಮಂದಿ:

ಅಲ್ರೀ, ರಾತ್ರಿನೇ ಹಾಕಬೇಕಿತ್ತಾ? ಎಲೆ ಎತ್ತುವ ಮೊದಲೇ ಬಿಲ್ಲು! ದುಡ್ಡು ಕೇಳಿದ್ದಕ್ಕೆ ಬೇಜಾರಾಗಿರಲಿಕ್ಕಿಲ್ಲ, ಕೇಳಿದ ಹೊತ್ತಿಗೆ ಆಗಿರುತ್ತೆ.

ನಾನೂ ಆರು ವರ್ಷ ಪುಣೆಯಲ್ಲಿದ್ದೆ. ನಮ್ಮ ಗುಂಪಲ್ಲಿ ದುಡ್ಡಿನ ಮಾತೇ ಇರಲಿಲ್ಲ, ಸಾಮಾನು ಹಂಚಿಕೊಳ್ಳುತ್ತಿದ್ದೆವು. ಒಬ್ಬ ತುಪ್ಪ, ಒಬ್ಬ ಬೇಳೆ ಬೆಲ್ಲ, ಒಬ್ಬ ಮಂಡಈ ಮಾರ್ಕೆಟ್‌ಗೆ ಹೋಗಿ ಹೂವು, ಬೇವಿನ ಸೊಪ್ಪು. ಯಾರದು ಜಾಸ್ತಿ ಯಾರದು ಕಮ್ಮಿ ಅಂತ ಗೊತ್ತೇ ಆಗುತ್ತಿರಲಿಲ್ಲ. ಅಡುಗೆ ಬರದವನಿಗೆ ಪಾತ್ರೆ ತೊಳೆಯುವ ಕೆಲಸ (ಅದು ನಾನೇ).

ನಿಮ್ಮ ತೆಲುಗಿನವರಿಗೆ ಪಚ್ಚಡಿ ಒಪ್ಪಿಸಿ. ನಮ್ಮದು ಬೇವು ಬೆಲ್ಲ ಅಷ್ಟೇ, ಅವರು ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಎಲ್ಲ ಸೇರಿಸಿ ಆರು ರುಚಿ ಮಾಡುತ್ತಾರೆ. ಮರಾಠಿಯವರಿಗೆ ಕಟ್ಟಿನ ಸಾರು ಬಿಡಿ. ಹೋಳಿಗೆ ಬೇಳೆ ಬಸಿದ ನೀರಿಗೆ ಅವರೂ ಕಟ್ ಅಂತಲೇ ಅನ್ನುತ್ತಾರೆ, ಅದರಲ್ಲೇ ಕಟಾಚಿ ಆಮ್ಟಿ ಮಾಡುತ್ತಾರೆ. ಯಾರ ಸಾರು ಚೆನ್ನಾಗಿರುತ್ತೆ ಅಂತ ಜಗಳ ಆಗಲಿ, ಮಜಾ ಇರುತ್ತೆ.

ಮಂಡ್ಯದವನು:

ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ದುಡ್ಡಿನ ಮಾತಾಡಿದರೆ ಸಂಬಂಧ ಕೆಡುತ್ತೆ ಅನ್ನುವುದು ಸುಮ್ನೆ ಮಾತು. ನಮ್ಮ ಕಡೆ ಹೊಸತೊಡಕಿಗೆ ಚೀಟಿ ಹಾಕುತ್ತಾರೆ, ಗೊತ್ತಾ? ಊರಿನ ಹುಡುಗರು ವರ್ಷವಿಡೀ ತಿಂಗಳಿಗಿಷ್ಟು ಅಂತ ಕಟ್ಟಿ, ಯುಗಾದಿ ಮಾರನೇ ದಿನ ಬೆಳಗಿನ ಜಾವವೇ ಮರಿ ಕಡಿದು ಗುಡ್ಡೆ ಬಾಡು ಹಾಕಿ ಹಂಚಿಕೊಳ್ಳುತ್ತಾರೆ. ಒಂದು ಗುಡ್ಡೆಗೆ ಮೂಳೆ ಜಾಸ್ತಿ ಬಿತ್ತು ಅಂದರೆ ಅಲ್ಲೇ ಎತ್ತಿ ಸರಿ ಮಾಡಿಸುತ್ತಾರೆ. ಯಾರೂ ಮುನಿಸಿಕೊಳ್ಳುವುದಿಲ್ಲ, ಯಾಕೆಂದರೆ ಮೊದಲೇ ಮಾತಾಡಿಕೊಂಡಿರುತ್ತಾರೆ. ನಿಮ್ಮ ತಪ್ಪು ಆಮೇಲೆ ಹೇಳಿದ್ದು.

ಪೂರ್ತಿ ನೀವೇ ಹಾಕುತ್ತಾ ಹೋದರೆ ಮೂರನೇ ವರ್ಷಕ್ಕೆ ಒಳಗೊಳಗೇ ಉರಿ ಶುರುವಾಗುತ್ತೆ. ನನಗೆ ಆಗಿದೆ.

2025ರಲ್ಲಿ ಯುಗಾದಿ ಭಾನುವಾರ ಬಂದು, ಸೋಮವಾರ ಹೊಸತೊಡಕೂ ರಂಜಾನೂ ಒಟ್ಟಿಗೇ ಬಂದಿತ್ತಲ್ಲ. ಬೆಂಗಳೂರಿನ ನಮ್ಮ ರೂಮಲ್ಲಿ ಮಟನ್ ಸಾರು, ಮುದ್ದೆ ನಮ್ಮದು, ಬಿರಿಯಾನಿ, ಸುರ್ಕುಂಬಾ ಗೆಳೆಯನ ಮನೆಯದು. ಅವನ ಅಮ್ಮ ಕಳಿಸಿದ ಟಿಫನ್ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಾವು ಒಬ್ಬಟ್ಟು ತುಂಬಿ ಕೊಟ್ಟೆವು. ಆ ಡಬ್ಬಿ ಇವತ್ತಿಗೂ ಹೋಗ್ತಾ ಬರ್ತಾ ಇದೆ. ಅದಕ್ಕೆ ಯಾವ ಆಪ್‌ನಲ್ಲಿ ಲೆಕ್ಕ ಇಡೋದು?

ಜಯನಗರದ ಆಂಟಿ:

ದುಡ್ಡಿನ ವಿಷಯ ನೀವು ನೀವೇ ನೋಡಿಕೊಳ್ಳಿ ಮಕ್ಕಳೇ, ನಾನು ಹೂರಣಕ್ಕೆ ಬರ್ತೀನಿ.

ಬೇಳೆ ಕುಕ್ಕರಲ್ಲಿ ಕೂಗಿಸಿದ್ದೀಯ ಅನ್ನಿಸುತ್ತೆ. ಬೇಡ ಪುಟ್ಟಿ, ತೆರೆದ ಪಾತ್ರೆಯಲ್ಲಿ ಬೇಯಿಸು. ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಕರಗಬಾರದು. ನೀರು ಪೂರ್ತಿ ಬಸಿದು, ಬೇಳೆ ಹತ್ತು ನಿಮಿಷ ಜರಡಿಯಲ್ಲೇ ಇರಲಿ. ಬೆಲ್ಲ ಹಾಕಿದ ಮೇಲೆ ಹೇಗೂ ನೀರು ಬಿಡುತ್ತೆ, ಅದು ಆರುವವರೆಗೂ ತಿರುವುತ್ತಲೇ ಇರಬೇಕು. ಸೌಟು ನೆಟ್ಟಗೆ ನಿಂತರೆ ಆಯಿತು. ಕಣಕಕ್ಕೆ ಚಿರೋಟಿ ರವೆ, ಸ್ವಲ್ಪ ಮೈದಾ, ಎಣ್ಣೆ ಧಾರಾಳವಾಗಿ ಹಾಕಿ ಎರಡು ಗಂಟೆ ನೆನೆಸು.

ಇಷ್ಟಾದರೂ ನೀರಾಯಿತಾ? ಕಡಲೆಬೇಳೆ ಆಗಿದ್ದರೆ ತುಪ್ಪ, ಕೊಬ್ಬರಿ, ಲವಂಗ ಹಾಕಿ ಹಯಗ್ರೀವ ಅಂತ ಬಡಿಸಿಬಿಡು. ಅದನ್ನೇ ಮಾಡಬೇಕು ಅಂತಿದ್ದೆ ಅನ್ನು. ನಾನೂ ಮದುವೆಯಾದ ಮೊದಲ ಯುಗಾದಿಗೆ ಹಾಗೇ ಮಾಡಿದ್ದು, ನಮ್ಮತ್ತೆಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಹೇಳಲಿಲ್ಲ.

ವಾಕಡ್‌ನ ಶಿವಮೊಗ್ಗದವಳು:

ಎಲ್ಲರಿಗೂ ಥ್ಯಾಂಕ್ಸ್. ಆಂಟಿ, ಹೌದು, ಕುಕ್ಕರ್, ನಾಲ್ಕು ವಿಷಲ್ 🙈

ಗ್ರೂಪಲ್ಲಿ ಈಗಷ್ಟೇ ಹಾಕಿದೆ, "ಈ ಸಲ ಆಪ್ ಇಲ್ಲ, ಯಾರು ಏನು ತರ್ತೀರಾ ಹೇಳಿ" ಅಂತ. ತುಪ್ಪಕ್ಕೆ ಇಬ್ಬರು ಜಗಳ ಆಡುತ್ತಿದ್ದಾರೆ. ಮಲಯಾಳಿ ಗೆಳತಿ ಪಾಯಸ ಅವಳದಂತೆ, ಬದಲಿಗೆ ಏಪ್ರಿಲ್‌ನಲ್ಲಿ ವಿಷುಗೆ ನಾವೆಲ್ಲ ಅವಳ ಮನೆಗೆ ಬೆಳಗ್ಗೆ ಐದಕ್ಕೇ ಹೋಗಬೇಕಂತೆ, ಕಣಿ ನೋಡಲಿಕ್ಕೆ (ಹಬ್ಬದ ಬೆಳಗ್ಗೆ ಮೊದಲು ನೋಡಲಿ ಅಂತ ಜೋಡಿಸಿಡುವ ಮಂಗಳ ವಸ್ತುಗಳು).

ಅಮ್ಮನಿಗೂ ಫೋನ್ ಮಾಡಿ ಲೆಕ್ಕದ ಕಥೆ ಪೂರ್ತಿ ಹೇಳಿದೆ. ಅದಕ್ಕೇನೂ ಅನ್ನಲಿಲ್ಲ. "ಏಳು ಜನಾನಾ? ಹಾಗಾದ್ರೆ ಅರ್ಧ ಕೆಜಿ ಬೇಳೆ ಸಾಲಲ್ಲ ಕಣೇ, ಮಾರನೇ ದಿನಕ್ಕೂ ಉಳೀಬೇಕು, ಮುಕ್ಕಾಲು ಹಾಕು" ಅಂದರು.