ಫೆಡರರ್ 2017, ಮೆಲ್ಬರ್ನ್: ಇದಕ್ಕಿಂತ ದೊಡ್ಡ ಕಮ್‌ಬ್ಯಾಕ್ ಇದ್ದರೆ ಹೇಳಿ

ರೋಜರ್‌ಪ್ರಿಯ:
ನಿನ್ನೆ ರಾತ್ರಿ 2017ರ ಆಸ್ಟ್ರೇಲಿಯನ್ ಓಪನ್ ಫೈನಲ್ ಮತ್ತೆ ನೋಡಿದೆ. 3 ಗಂಟೆ 38 ನಿಮಿಷ, ಒಂದು ಪಾಯಿಂಟನ್ನೂ ಓಡಿಸದೆ. ಫೆಡರರ್‌ಗೆ ಆಗ 35 ವರ್ಷ. ಹಿಂದಿನ ವರ್ಷ ಮೊಣಕಾಲಿಗೆ ಆಪರೇಷನ್ ಆಗಿತ್ತು. ವಿಂಬಲ್ಡನ್ ಸೆಮಿಫೈನಲ್ ಸೋತ ಮೇಲೆ ಆರು ತಿಂಗಳು ಆಟದಿಂದಲೇ ದೂರ. ಕೊನೆಯ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು 2012ರಲ್ಲಿ. 17ನೇ ಶ್ರೇಯಾಂಕದವನಾಗಿ ಬಂದು ಫೈನಲ್ ತಲುಪಿದರೆ ಎದುರಿಗೆ ನಡಾಲ್, ಮೆಲ್ಬರ್ನ್‌ನಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಸೋಲಿಸಲಾಗದ ಎದುರಾಳಿ. ಐದನೇ ಸೆಟ್‌ನಲ್ಲಿ 1-3 ಹಿಂದೆ. ಅಲ್ಲಿಂದ ಸತತ ಐದು ಗೇಮ್! 4-3ರಲ್ಲಿ ಡ್ಯೂಸ್ (40-40 ಸಮ) ಆದಾಗ ಬಂದ ಆ 26 ಹೊಡೆತದ ರ‍್ಯಾಲಿ ನೋಡಿ ಈಗಲೂ ಮೈ ಜುಮ್ಮೆಂದಿತು. ಟೆನಿಸ್‌ನಲ್ಲಿ ಇದಕ್ಕಿಂತ ದೊಡ್ಡ ಕಮ್‌ಬ್ಯಾಕ್ ಇಲ್ಲ, ಇದಕ್ಕಿಂತ ಒಳ್ಳೆಯ ಟೂರ್ನಿಯೂ ಇಲ್ಲ. ಒಪ್ಪದವರು ಹೇಳಿ.

ಎಡಗೈ ಕಿರಣ:
"ಒಂದು ಪಾಯಿಂಟನ್ನೂ ಓಡಿಸದೆ" ನೋಡಿದ್ದೀರಲ್ಲ, ಹಾಗಾದರೆ ನಾಲ್ಕನೇ ಸೆಟ್ ಮುಗಿದ ಕೂಡಲೇ ಫೆಡರರ್ ಎದ್ದು ಒಳಗೆ ಹೋದದ್ದನ್ನೂ ನೋಡಿರಬೇಕು. ಅದನ್ನು ಯಾಕೆ ಬರೆಯಲಿಲ್ಲ? ನಡಾಲ್ ಆ ಸೆಟ್ಟನ್ನು 6-3ರಲ್ಲಿ ಗೆದ್ದು ಲಯಕ್ಕೆ ಬಂದಿದ್ದ. ಸರಿಯಾಗಿ ಆಗಲೇ ಚಿಕಿತ್ಸೆಗೆ ಆಟ ನಿಲ್ಲಿಸುವ ಮೆಡಿಕಲ್ ಟೈಮ್‌ಔಟ್. ಸೆಮಿಫೈನಲ್‌ನಲ್ಲೂ ವಾವ್ರಿಂಕಾ ಎರಡು ಸೆಟ್ ಗೆದ್ದು ಸಮ ಮಾಡಿದ ತಕ್ಷಣ ಇದೇ ಕಥೆ. ವಿಂಬಲ್ಡನ್ ಗೆದ್ದಿದ್ದ ಪ್ಯಾಟ್ ಕ್ಯಾಶ್ ಇದನ್ನು ಕಾನೂನಿನೊಳಗಿನ ಮೋಸ ಅಂತ ರೇಡಿಯೊದಲ್ಲೇ ಹೇಳಿದ. ನನ್ನ ಮಾತಲ್ಲ.

ಪುತ್ತೂರು ಭಟ್ರು:
"ಸೆಮಿಫೈನಲ್‌ನಲ್ಲೂ ಇದೇ ಕಥೆ" ಅಂತೆ. ಅರ್ಧ ಕಥೆ ಹೇಳ್ಬೇಡಿ ಮಾರಾಯ್ರೆ. ಆ ಪಂದ್ಯದಲ್ಲಿ ಮೊದಲು ಒಳಗೆ ಹೋದದ್ದು ಯಾರು? ವಾವ್ರಿಂಕಾ. ಎರಡು ಸೆಟ್ ಸೋತು, ಒಳಗೆ ಹೋಗಿ, ಮೊಣಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಬಂದು ಮೂರನೇ ಸೆಟ್ 6-1ರಲ್ಲಿ ಗೆದ್ದ. ಅದು ಮೋಸ ಅಲ್ಲ, ಫೆಡರರ್ ಹೋದರೆ ಮಾತ್ರ ಮೋಸ. ಎಂತ ನ್ಯಾಯ ಇದು?

ಹರ್ಷ ಎಂ:
"ಇದಕ್ಕಿಂತ ಒಳ್ಳೆಯ ಟೂರ್ನಿಯೂ ಇಲ್ಲ"? ವಿಶ್ವದ ಮೊದಲ ಇಬ್ಬರೂ ಮೊದಲ ವಾರದಲ್ಲೇ ಮನೆಗೆ ಹೋದ ಟೂರ್ನಿ ಇದು. ಜೊಕೊವಿಚ್ ಎರಡನೇ ಸುತ್ತಿನಲ್ಲಿ 117ನೇ ರ‍್ಯಾಂಕಿನ ಇಸ್ಟೊಮಿನ್‌ಗೆ ಸೋತ. ಮರ್ರೆ ನಾಲ್ಕನೇ ಸುತ್ತಿನಲ್ಲಿ ಮಿಶಾ ಜ್ವೆರೆವ್‌ಗೆ. ಕ್ವಾರ್ಟರ್‌ಫೈನಲ್‌ನಲ್ಲಿ ಫೆಡರರ್‌ಗೆ ಮರ್ರೆ ಸಿಗಬೇಕಿತ್ತು, ಸಿಕ್ಕಿದ್ದು ಮಿಶಾ. ದಾರಿ ಸಲೀಸಾಗಿತ್ತು, ಅಷ್ಟೇ.

ರೋಜರ್‌ಪ್ರಿಯ:
"ದಾರಿ ಸಲೀಸು" ಅನ್ನೋಕೆ ಮೊದಲು ಡ್ರಾ (ಯಾರ ಎದುರು ಯಾರು ಅನ್ನೋ ಪಟ್ಟಿ) ತೆಗೆದು ನೋಡಿ. ಬೆರ್ಡಿಚ್, ನಿಶಿಕೋರಿ, ವಾವ್ರಿಂಕಾ, ನಡಾಲ್. ನಾಲ್ಕೂ ಜನ ಆಗ ಮೊದಲ ಹತ್ತರೊಳಗಿದ್ದವರು. ಮೂರು ಪಂದ್ಯ ಐದು ಸೆಟ್. ಆರು ತಿಂಗಳು ಆಡದ ಮೊಣಕಾಲಿನಲ್ಲಿ!

ಹರ್ಷ ಎಂ:
"ಆರು ತಿಂಗಳು ಆಡದ" ಅನ್ನೋದು ತಪ್ಪು. ಮೆಲ್ಬರ್ನ್‌ಗೆ ಮೊದಲು ಪರ್ತ್‌ನಲ್ಲಿ ಹಾಪ್‌ಮನ್ ಕಪ್ ಎಂಬ ತಂಡಗಳ ಟೂರ್ನಿ ಆಡಿದ್ದ.

ಎಡಗೈ ಕಿರಣ:
ಭಟ್ರೇ, ವಾವ್ರಿಂಕಾ ಮೋಸ ಮಾಡಿದನೋ ಇಲ್ಲವೋ ನನಗೆ ಬೇಕಿಲ್ಲ. ನಾನು ಕೇಳ್ತಿರೋದು ಫೈನಲ್ ಬಗ್ಗೆ. ಬಿಸಿಯಾಗಿರುವ ಎದುರಾಳಿಯನ್ನು ಕುರ್ಚಿಯಲ್ಲಿ ಕೂರಿಸಿ ತಣ್ಣಗೆ ಮಾಡೋದು ಆಟವಾ? ಕಾಯ್ತಾ ಕೂತಿದ್ದವನು ನಡಾಲ್.

ಜಿ.ಎಸ್.ಆರ್.:
ಕ್ಲಬ್ ಟೂರ್ನಿಗಳಲ್ಲಿ ಅಂಪೈರ್ ಕುರ್ಚಿಯಲ್ಲಿ ಕೂತು ಅಭ್ಯಾಸವಿರುವವನಾಗಿ ಹೇಳುತ್ತೇನೆ. ಚಿಕಿತ್ಸೆಗೆ ಒಳಪಡುವ ಒಂದು ತೊಂದರೆಗೆ ಒಂದು ಟೈಮ್‌ಔಟ್. ಫಿಸಿಯೋ ಪರೀಕ್ಷಿಸಿದ ಮೇಲೆ ಚಿಕಿತ್ಸೆಗೆ ಮೂರು ನಿಮಿಷ. ತೊಡೆಗೆ, ತೊಡೆಸಂದಿಗೆ ಚಿಕಿತ್ಸೆ ಅಂದರೆ ಬಟ್ಟೆ ತೆಗೆಯಬೇಕಾಗುತ್ತದೆ, ಒಳಗೆ ಹೋಗದೆ ಬೇರೆ ದಾರಿಯಿಲ್ಲ. ಸೆಟ್ ಮುಗಿದಾಗ ತೆಗೆದುಕೊಳ್ಳುವುದೇ ಎದುರಾಳಿಗೆ ಕಡಿಮೆ ತೊಂದರೆ ಕೊಡುವ ಹೊತ್ತು. ಇನ್ನು ನಡಾಲ್ ತಣ್ಣಗಾದ ಎಂಬ ವಾದಕ್ಕೆ ಸ್ಕೋರೇ ಉತ್ತರ. ಟೈಮ್‌ಔಟ್ ಆದ ಮೇಲಿನ ಮೊದಲ ಗೇಮ್‌ನಲ್ಲೇ ನಡಾಲ್ ಫೆಡರರ್ ಸರ್ವ್ ಮುರಿದ (ಬ್ರೇಕ್), ಅಂದರೆ ಫೆಡರರ್ ಸರ್ವ್ ಮಾಡಿದ ಗೇಮನ್ನೇ ಗೆದ್ದ. 3-1ರವರೆಗೂ ಮುಂದಿದ್ದ. ತಣ್ಣಗಾದವನು ಹಾಗೆ ಆಡುತ್ತಾನೆಯೇ?

ಎಡಗೈ ಕಿರಣ:
"ಕ್ಲಬ್ ಟೂರ್ನಿ" ಅನುಭವ ಮೆಲ್ಬರ್ನ್ ಫೈನಲ್ ನಡೆಯುವ ರಾಡ್ ಲೇವರ್ ಅರೆನಾಗೆ ಅನ್ವಯಿಸಲ್ಲ ಸರ್. ನಿಯಮದ ಪುಸ್ತಕ ನನಗೂ ಗೊತ್ತು. ನಿಯಮ ಇದೆ ಅಂದ ಮಾತ್ರಕ್ಕೆ ಮಾಡಿದ್ದೆಲ್ಲ ಸರಿ ಆಗಲ್ಲ. ಈ ನಿಯಮವನ್ನು ದುರುಪಯೋಗ ಮಾಡಬಾರದು ಅಂತ ಪಂದ್ಯದ ನಂತರ ಫೆಡರರ್ ತಾನೇ ಹೇಳಿದ. ಅವನ ಬಾಯಲ್ಲೇ ಬಂತು.

ಪುತ್ತೂರು ಭಟ್ರು:
"ಅವನ ಬಾಯಲ್ಲೇ ಬಂತು" ಅಂದರೆ ಪೂರ್ತಿ ಹೇಳಿ. ಪಂದ್ಯದ ನಡುವೆಯೇ ತೊಡೆ ನೋಯಲು ಶುರುವಾಗಿತ್ತು ಅಂತಲೂ ಹೇಳಿದ್ದು ಅದೇ ಬಾಯಿ. ಅದು ನಿಮ್ಮ ಕಿವಿಗೆ ಬೀಳಲಿಲ್ಲವಾ? ಇಪ್ಪತ್ತು ವರ್ಷ ಆಡಿದ ಮನುಷ್ಯನ ನಡತೆಗೆ ಎಂತ ಬೆಲೆಯೂ ಇಲ್ಲವಾ?

ಧಾರವಾಡದ ಸವಿತಾ:
ಏನ್ರೀ ಇದು, ಬರೇ ಟೈಮ್‌ಔಟ್ ಹಿಡ್ಕೊಂಡು ಕುಂತೀರಿ. ಖರೇ ಅನ್ಯಾಯ ಆಗಿದ್ದು ದಿನದ ಲೆಕ್ಕದಾಗ. ಫೆಡರರ್ ಸೆಮಿಫೈನಲ್ ಗುರುವಾರ ಮುಗೀತು. ಅವತ್ತು ನಮಗ ಗಣರಾಜ್ಯೋತ್ಸವದ ರಜಾ, ಮಧ್ಯಾಹ್ನ ಮನಿಮಂದಿ ಎಲ್ಲಾ ಕುಂತು ನೋಡಿದ್ವಿ. ನಡಾಲ್ ಶುಕ್ರವಾರ ದಿಮಿಟ್ರೋವ್ ಜೋಡಿ 4 ತಾಸು 56 ನಿಮಿಷ ಬಡಿದಾಡ್ಯಾನ. ರವಿವಾರ ಫೈನಲ್. ಒಬ್ಬಂವಗ ಎರಡು ದಿನ ವಿಶ್ರಾಂತಿ, ಇನ್ನೊಬ್ಬಂವಗ ಒಂದು. ಕಡೇ ಐದು ಗೇಮ್‌ನಾಗ ಕಾಲು ಬತ್ತಿದ್ದು ಯಾರದು?

ಪುತ್ತೂರು ಭಟ್ರು:
"ದಿನದ ಲೆಕ್ಕ" ಬೇಕಾ ಸವಿತಾ ಮೇಡಂ? 2009 ತೆಗೆಯಿರಿ. ಅದೇ ಮೆಲ್ಬರ್ನ್. ನಡಾಲ್ ಶುಕ್ರವಾರ ವೆರ್ಡಾಸ್ಕೊ ಎದುರು 5 ಗಂಟೆ 14 ನಿಮಿಷ ಆಡಿದ, ಫೆಡರರ್‌ಗೆ ಆಗಲೂ ಒಂದು ದಿನ ಹೆಚ್ಚು ಉಂಟು. ಫೈನಲ್ ಐದು ಸೆಟ್, ಗೆದ್ದದ್ದು ನಡಾಲ್. ಆಗ ಕಾಲು ಬತ್ತಲಿಲ್ಲವಲ್ಲ!

ಧಾರವಾಡದ ಸವಿತಾ:
2009ರಾಗ ನಡಾಲ್‌ಗ 22 ವರ್ಷ ಇತ್ತು. 2017ರಾಗ 30. ಈ ಎರಡನ್ನೂ ಒಂದ ತಕ್ಕಡ್ಯಾಗ ತೂಗ್ತೀರೇನು?

ರೋಜರ್‌ಪ್ರಿಯ:
30 ವರ್ಷ ವಯಸ್ಸಾಯ್ತು ಅಂತೀರಾ, ಎದುರಿಗಿದ್ದವನಿಗೆ 35!

ಎಲ್ಲರೂ ಕಾಲು, ಕುರ್ಚಿ ಅಂತಲೇ ಇದ್ದೀರಿ, ಆಟ ಯಾರೂ ನೋಡಲಿಲ್ಲ. ವರ್ಷಗಟ್ಟಲೆ ನಡಾಲ್ ಮಾಡಿದ್ದು ಒಂದೇ ಕೆಲಸ: ಎಡಗೈ ಫೋರ್‌ಹ್ಯಾಂಡ್‌ನ ಟಾಪ್‌ಸ್ಪಿನ್ ಚೆಂಡನ್ನು ಫೆಡರರ್ ಬ್ಯಾಕ್‌ಹ್ಯಾಂಡಿನ ಭುಜದ ಎತ್ತರಕ್ಕೆ ಎಬ್ಬಿಸೋದು. ಒಂದೇ ಕೈಯಲ್ಲಿ ಅದನ್ನು ಹೊಡೆಯಲಾಗದೆ ಸ್ಲೈಸ್ (ಚೆಂಡಿನ ಕೆಳಗೆ ಕೊಯ್ದ ಹಾಗೆ ಹೊಡೆಯೋದು) ಮಾಡಿ ಮಾಡಿ ಫೆಡರರ್ ಸೋಲುತ್ತಿದ್ದ. ಆವತ್ತು ಬೇಸ್‌ಲೈನ್ ಬಿಟ್ಟು ಹಿಂದೆ ಸರಿಯಲೇ ಇಲ್ಲ. ಚೆಂಡು ಏಳುವಾಗಲೇ ಹಿಡಿದು ನೇರ, ಚಪ್ಪಟೆಯಾಗಿ ಬಾರಿಸಿದ. 2014ರಿಂದ 97 ಚದರ ಇಂಚಿನ ದೊಡ್ಡ ರ‍್ಯಾಕೆಟ್‌ಗೆ ಬಂದಿದ್ದರ ಫಲ ಅಲ್ಲಿ ಸಿಕ್ಕಿತು. 2017ರಲ್ಲೇ ಇಂಡಿಯನ್ ವೆಲ್ಸ್, ಮಯಾಮಿ, ಶಾಂಘೈ ಟೂರ್ನಿ ಮೂರೂ ಕಡೆ ನಡಾಲ್ ಫೆಡರರ್ ಎದುರು ಮತ್ತೆ ಸೋತ. ಅಲ್ಲೆಲ್ಲ ಯಾವ ಟೈಮ್‌ಔಟ್ ಗೆಲ್ಲಿಸಿತು?

ಹರ್ಷ ಎಂ:
"ನೇರ, ಚಪ್ಪಟೆಯಾಗಿ" ಹೊಡೆಯೋಕೆ ಆದದ್ದು ಆ ವರ್ಷ ಮೆಲ್ಬರ್ನ್ ಅಂಗಣ ವೇಗವಾಗಿತ್ತು ಅನ್ನೋ ಕಾರಣಕ್ಕೆ. ಆಡಿದವರೇ ಹೇಳಿದರು.

ಕೊಡಗಿನ ಹುಡುಗಿ:
ಅದೇ ಭಾನುವಾರ ಸಾನಿಯಾ ಮಿರ್ಜಾ ಮಿಕ್ಸೆಡ್ ಡಬಲ್ಸ್ ಫೈನಲ್ ಆಡಿದ್ದು ಇಲ್ಲಿ ಒಬ್ಬರಿಗೂ ನೆನಪಿಲ್ಲ. ಸಾನಿಯಾ, ಡೊಡಿಗ್ ಜೋಡಿ ಕ್ವಾರ್ಟರ್‌ಫೈನಲ್‌ನಲ್ಲಿ ಸೋಲಿಸಿದ್ದು ನಮ್ಮ ಬೋಪಣ್ಣ, ಡಬ್ರೊವ್‌ಸ್ಕಿ ಜೋಡಿಯನ್ನು. ಆ ಸೋಲಾದ ನಾಲ್ಕೇ ತಿಂಗಳಿಗೆ ಅದೇ ಡಬ್ರೊವ್‌ಸ್ಕಿ ಜತೆ ಬೋಪಣ್ಣ ಫ್ರೆಂಚ್ ಓಪನ್ ಗೆದ್ದರು. 2024ರಲ್ಲಿ ಇದೇ ಮೆಲ್ಬರ್ನ್‌ನಲ್ಲಿ, 43ನೇ ವಯಸ್ಸಿನಲ್ಲಿ, ಎಬ್ಡೆನ್ ಜತೆ ಪುರುಷರ ಡಬಲ್ಸ್ ಗೆದ್ದು ವಿಶ್ವದ ನಂ. 1 ಆದರು. ಮೊಣಕಾಲು ಸವೆದಿತ್ತು, ಅಯ್ಯಂಗಾರ್ ಯೋಗ ಮಾಡಿ ನೋವು ಹಿಡಿತಕ್ಕೆ ತಂದುಕೊಂಡರು. ದೊಡ್ಡ ಕಮ್‌ಬ್ಯಾಕ್ ಕೇಳಿದಿರಲ್ಲ, ಇದು.

ಹರ್ಷ ಎಂ:
ಡಬಲ್ಸ್‌ನಲ್ಲಿ 43 ದೊಡ್ಡದಲ್ಲ. ಅರ್ಧ ಅಂಗಣ ಮಾತ್ರ ಓಡಬೇಕು.

ಕೊಡಗಿನ ಹುಡುಗಿ:
"ಅರ್ಧ ಅಂಗಣ"! ನೆಟ್ ಹತ್ತಿರ ನಿಂತು ಆ ವೇಗದ ಚೆಂಡಿಗೆ ಪ್ರತಿಕ್ರಿಯೆ ಕೊಡೋದು ಏನು ಅಂತ ಒಂದು ಸಲ ನಿಂತು ನೋಡಿ, ಆಮೇಲೆ ಮಾತಾಡಿ. ಓಪನ್ ಯುಗದಲ್ಲಿ (1968ರಿಂದ ಈಚೆಗೆ) ಅಷ್ಟು ವಯಸ್ಸಿಗೆ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದವರು ಬೇರೆ ಯಾರೂ ಇರಲಿಲ್ಲ. ಬೇರೆ ದೇಶದವರಿಗಾಗಿ ಇಷ್ಟು ಜಗಳ ಆಡ್ತೀರಿ, ಮನೆಯವರ ಸಾಧನೆಗೆ ಒಂದು ಸಾಲು ಬರೆಯೋಕೆ ಆಗಲ್ಲ.

ಎಡಗೈ ಕಿರಣ:
ಬೋಪಣ್ಣನವರ ಬಗ್ಗೆ ಗೌರವ ಇದೆ, ಅದು ಬೇರೆ ಚರ್ಚೆ. "ದೊಡ್ಡ ಕಮ್‌ಬ್ಯಾಕ್" ಅಂದರೆ 2022ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ನಡಾಲ್ ಮಾಡಿದ್ದು. ಮೆಡ್ವೆಡೆವ್ ಎದುರು ಎರಡು ಸೆಟ್ ಹಿಂದೆ. ಮೂರನೇ ಸೆಟ್‌ನಲ್ಲಿ 2-3, 0-40. ಅಲ್ಲಿಂದ ಐದು ಸೆಟ್‌ಗೆ ಎಳೆದು 5 ಗಂಟೆ 24 ನಿಮಿಷದಲ್ಲಿ ಗೆದ್ದ. ಪಾದದ ನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದವನು. ಅವನಿಗೂ ಆಗ 35 ವರ್ಷವೇ. 21ನೇ ಗ್ರ್ಯಾಂಡ್‌ಸ್ಲಾಮ್.

ಹರ್ಷ ಎಂ:
"2022"? ವೀಸಾ ರದ್ದು ಮಾಡಿ ಜೊಕೊವಿಚ್‌ನನ್ನು ದೇಶದಿಂದಲೇ ಕಳಿಸಿದ ವರ್ಷ. ಅದನ್ನು ಲೆಕ್ಕಕ್ಕೇ ತರಬೇಡಿ.

ಎಡಗೈ ಕಿರಣ:
ಜೊಕೊವಿಚ್‌ನನ್ನು ಕಳಿಸಿದ್ದು ಸರ್ಕಾರ, ನಡಾಲ್ ಅಲ್ಲ. 2017ರಲ್ಲಿ ಇಸ್ಟೊಮಿನ್ ಕಳಿಸಿದ್ದಕ್ಕೂ ಅಳ್ತೀರಿ, ಇದಕ್ಕೂ ಅಳ್ತೀರಿ.

ಜಿ.ಎಸ್.ಆರ್.:
ಕಿರಣ್ ಅವರೇ, ಮೊದಲ ಗೇಮ್‌ನ ಬ್ರೇಕ್ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಎಡಗೈ ಕಿರಣ:
ಉತ್ತರ ಕೊಟ್ಟಿದ್ದೇನೆ ಸರ್. ನಡಾಲ್ ಮುರಿದ ಅಂದರೆ ಅದು ನಡಾಲ್ ದೊಡ್ಡತನ. ಟೈಮ್‌ಔಟ್ ಸರಿ ಇತ್ತು ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.

ರೋಜರ್‌ಪ್ರಿಯ:
ಹಾಗಾದರೆ ಕೊನೆಯ ಗೇಮ್ ನೋಡಿ. 5-3, ಪ್ರಶಸ್ತಿಗೆ ಸರ್ವ್, ಸ್ಕೋರ್ 15-40. ನಡಾಲ್‌ಗೆ ಎರಡು ಬ್ರೇಕ್ ಪಾಯಿಂಟ್. ಏಸ್, ಎದುರಾಳಿಗೆ ಮುಟ್ಟಲೂ ಆಗದ ಸರ್ವ್. ಆಮೇಲೆ ಫೋರ್‌ಹ್ಯಾಂಡ್ ವಿನ್ನರ್. ಕೊನೆಗೆ ಕ್ರಾಸ್‌ಕೋರ್ಟ್ ಫೋರ್‌ಹ್ಯಾಂಡ್, ನಡಾಲ್ ಚಾಲೆಂಜ್ ತೆಗೆದುಕೊಂಡ, ಪರದೆಯ ಮೇಲೆ ಚೆಂಡು ಗೆರೆ ಮುಟ್ಟಿದ್ದು ಕಂಡಿತು, ಫೆಡರರ್ ಮಕ್ಕಳ ಹಾಗೆ ಕುಣಿದ. ಟ್ರೋಫಿ ಹಿಡಿದು ಏನು ಹೇಳಿದ? ಟೆನಿಸ್‌ನಲ್ಲಿ ಡ್ರಾ ಇದ್ದಿದ್ದರೆ ರಫಾ (ನಡಾಲ್) ಜತೆ ಹಂಚಿಕೊಳ್ಳೋದಕ್ಕೆ ಸಂತೋಷ ಪಡ್ತಿದ್ದೆ ಅಂತ. ಮೋಸ ಮಾಡಿ ಗೆದ್ದವನು ಆಡುವ ಮಾತಾ ಅದು?

ಎಡಗೈ ಕಿರಣ:
"ಏಸ್" ಅಂದಿರಲ್ಲ, ಅಲ್ಲಿಗೇ ಬನ್ನಿ. ಒಳಗೆ ಹೋಗಿ ಚಿಕಿತ್ಸೆ ಮಾಡಿಸಿಕೊಳ್ಳುವಷ್ಟು ನೋವಿದ್ದ ತೊಡೆ, 15-40ರಲ್ಲಿ ಅಂಥ ಸರ್ವ್ ಹೇಗೆ ಕೊಟ್ಟಿತು? ಯಾರಾದರೂ ಇದೊಂದಕ್ಕೆ ಉತ್ತರ ಹೇಳಿ.

ಪುತ್ತೂರು ಭಟ್ರು:
ಚಿಕಿತ್ಸೆ ಮಾಡಿಸಿಕೊಂಡದ್ದಕ್ಕೇ ಮಾರಾಯ್ರೆ!